ಮೊದಲು ಬೊಂಜೂರ್ ಹೇಳು ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ನಿದ್ದೆ ಹತ್ತಲಿಲ್ಲ. ಫ್ರಾನ್ಸಿನ ಲಿಯೋಂಗೆ ಹೋಗಿ ಇನ್ನೂ ಹನ್ನೊಂದು ದಿನ, ಆಗಲೇ "ಇವರಿಗೆ ಹೊರಗಿನವರನ್ನು ಕಂಡರೆ ಆಗಲ್ಲ ಅಮ್ಮ, ಎಲ್ಲರೂ ಸಿಡುಕುತ್ತಾರೆ" ಅಂದುಬಿಟ್ಟೆ. ನಿನಗೆ ಬೇಜಾರಾಗಿರುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಫೋನಿನಲ್ಲಿ ಅದು ಪೂರ್ತಿ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ಕೆಲಸಕ್ಕೆಂದು ನಾವು ಅದೇ ದೇಶದ ಟೂಲೂಸ್‌ಗೆ ಹೋದಾಗ ನಿನಗೆ ಮೂರು ವರ್ಷ. 2006ರ ಚಳಿಗಾಲ. ಒಂದು ಸಂಜೆ ನಿನಗೆ ಮೈ ಸುಡುವ ಜ್ವರ. ನಾನು ಓಡಿಹೋಗಿ ಹಸಿರು ಪ್ಲಸ್ ಗುರುತು ಹೊಳೆಯುತ್ತಿದ್ದ ಔಷಧಿ ಅಂಗಡಿಗೆ ನುಗ್ಗಿದೆ. ಹೋದವಳೇ ಇಂಗ್ಲಿಷಿನಲ್ಲಿ ಮಗುವಿಗೆ ಜ್ವರದ ಔಷಧಿ ಬೇಕು ಅಂದೆ. ಕೌಂಟರಿನ ಹಿಂದಿದ್ದವರು ನನ್ನನ್ನೇ ನೋಡಿ "ಬೊಂಜೂರ್, ಮದಾಮ್" ಅಂದರು, ಅಂದರೆ ನಮಸ್ಕಾರ ಅಮ್ಮ ಅಂತ. ಕೇಳಿಸಲಿಲ್ಲವೇನೋ ಅಂತ ಮತ್ತೆ ಹೇಳಿದೆ. ಮತ್ತೆ ಅದೇ, ಇನ್ನೂ ನಿಧಾನವಾಗಿ, "ಬೊಂಜೂರ್, ಮದಾಮ್". ನನಗೆ ಕಣ್ಣಲ್ಲಿ ನೀರು. ಮಗು ಸುಡುತ್ತಿದೆ, ಇವರಿಗೆ ನಮಸ್ಕಾರ ಬೇಕಾ ಅನ್ನಿಸಿತು. ಕೊನೆಗೆ ಬೊಂಜೂರ್ ಅಂದೆ. ಅಷ್ಟೇ ನೋಡು, ಮುಖವೇ ಬದಲಾಯಿತು. ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲೇ ಮಗುವಿನ ತೂಕ ಎಷ್ಟು ಅಂತ ಕೇಳಿದರು. ಡೋಲಿಪ್ರಾನ್ ಅನ್ನುವ ಜ್ವರದ ಸಿರಪ್ಪಿನ ಜೊತೆ ಬರುವ, ಔಷಧಿ ಅಳೆಯುವ ಪಿಪೆಟ್ಟಿನ ಮೇಲೆ ಮಿಲಿ ಬದಲು ಕಿಲೋ ಲೆಕ್ಕ ಇರುತ್ತದೆ, ನಿನ್ನ ತೂಕದ ಗೆರೆಗೆ ಪೆನ್ನಿನಲ್ಲಿ ಗುರುತು ಹಾಕಿ, ಎಷ್ಟು ಗಂಟೆಗೊಮ್ಮೆ ಅಂತ ಡಬ್ಬಿಯ ಮೇಲೆ ಬರೆದು, ಬಾಗಿಲವರೆಗೆ ಬಂದು ಕಳಿಸಿದರು.

ಅವತ್ತು ಸಿಟ್ಟಿನಲ್ಲಿ ನನಗೆ ಅರ್ಥವಾಗಲಿಲ್ಲ. ಆಮೇಲೆ ಕೆಳಗಿನ ಮನೆಯ ಹೆಂಗಸು ಬಿಡಿಸಿ ಹೇಳಿದರು. ಬೊಂಜೂರ್ ಅನ್ನದೆ ವಿಷಯಕ್ಕೆ ಬಂದರೆ, ಎದುರಿಗಿರುವುದು ಮನುಷ್ಯ ಅಂತ ನೀನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದು ಅವರಿಗೆ ಅನ್ನಿಸುತ್ತದಂತೆ. ಅಂದರೆ ಅವರ ಕಣ್ಣಿಗೆ ಮೊದಲು ಒರಟಾಗಿ ನಡೆದುಕೊಂಡವಳು ನಾನು!

ತೀರ್ಥಹಳ್ಳಿಯ ಅಜ್ಜಿ ಮನೆ ನೆನಪಿಸಿಕೋ. ಯಾರೇ ಬರಲಿ, ಮೊದಲು ಬೆಲ್ಲ ನೀರು, ಮಳೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಆಮೇಲೆ ತಾನೇ ಬಂದ ವಿಷಯ? ನೇರವಾಗಿ ಒಳಗೆ ಬಂದು "ಏಣಿ ಕೊಡಿ" ಅಂದರೆ ಅಜ್ಜಿ ಕೊಡುತ್ತಿದ್ದರು, ಆದರೆ ಮುಖ ಗಂಟಿಕ್ಕಿಕೊಂಡು. ಫ್ರಾನ್ಸಿನಲ್ಲಿ ಆ ಬೆಲ್ಲ ನೀರಿನ ಜಾಗದಲ್ಲಿ ಈ ಒಂದು ಪದ ಇದೆ. ಬಸ್ ಹತ್ತುವಾಗ ಡ್ರೈವರಿಗೂ ಹೇಳುತ್ತಾರೆ, ಲಿಫ್ಟಿನಲ್ಲಿ ಅಪರಿಚಿತರಿಗೂ ಹೇಳುತ್ತಾರೆ, ಡಾಕ್ಟರ ಹತ್ತಿರ ಕಾಯುವ ಕೋಣೆಗೆ ಕಾಲಿಟ್ಟರೆ ಕೂತವರಿಗೆಲ್ಲ ಸೇರಿಸಿ ಹೇಳುತ್ತಾರೆ. ಸಂಜೆಯಾದರೆ ಬೊನ್‌ಸ್ವಾರ್. ಹೊರಡುವಾಗ ಮೆರ್ಸಿ ಅಂದರೆ ಥ್ಯಾಂಕ್ಸ್, ಓ ರೆವ್ವಾರ್ ಅಂದರೆ ಮತ್ತೆ ಸಿಗೋಣ. ಇಷ್ಟು ಹೇಳಿದ ಮೇಲೆ ನಿನ್ನ ಫ್ರೆಂಚ್ ಎಷ್ಟೇ ಹರಕುಮುರುಕಾಗಿದ್ದರೂ ನಡೆಯುತ್ತದೆ.

ಬೇಕರಿಯ ಹೆಂಗಸು ಅಣಕಿಸಿದಳು ಅಂದೆಯಲ್ಲ. ಅಲ್ಲಿನ ಉದ್ದ ಬ್ರೆಡ್ ಕೇಳಲು ನೀನು "ಅನ್ ಬಾಗೆತ್" ಅಂದೆ, ಆಕೆ "ಯುನ್ ಬಾಗೆತ್" ಅಂದಳು. ಪುಟ್ಟಿ, ಅದು ಅಣಕ ಅಲ್ಲ, ತಿದ್ದಿದ್ದು. ಬಾಗೆತ್ ಸ್ತ್ರೀಲಿಂಗ, ಅದಕ್ಕೆ ಅನ್ ಬದಲು ಯುನ್ ಬರುತ್ತದೆ. ತಪ್ಪು ಕೇಳಿದರೆ ಸುಮ್ಮನಿರಲು ಅಲ್ಲಿ ತುಂಬಾ ಜನರಿಗೆ ಆಗುವುದಿಲ್ಲ, ತಮ್ಮ ಮಕ್ಕಳನ್ನೂ ಗೆಳೆಯರನ್ನೂ ಹಾಗೇ ತಿದ್ದುತ್ತಾರೆ. ಮೊದಮೊದಲು ನನಗೂ ಚುಚ್ಚುತ್ತಿತ್ತು. ಆದರೆ ನಾನು ಕಲಿತ ಫ್ರೆಂಚಿನ ಅರ್ಧ ಹಾಗೆ ತಿದ್ದಿಸಿಕೊಂಡೇ ಬಂದದ್ದು. ಒಂದು ವಿಷಯದಲ್ಲಿ ನಿನಗೆ ಅನುಕೂಲ ಇದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ "ಯೂ", ಅವರಿಗೆ ನಮ್ಮ ಹಾಗೇ ಎರಡು. ತ್ಯು ಅಂದರೆ ನೀನು, ವು ಅಂದರೆ ನೀವು. ಅಂಗಡಿಯಲ್ಲಿ, ಆಫೀಸಿನಲ್ಲಿ, ಹಿರಿಯರಿಗೆ ವು. ಕನ್ನಡದವಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ?

ಹೋಟೆಲಿನಲ್ಲಿ ಅರ್ಧ ಗಂಟೆ ಬಿಲ್ಲೇ ಕೊಡಲಿಲ್ಲ ಅನ್ನುವ ದೂರು. ಅಲ್ಲಿ ನೀನು ಕೂತ ಮೇಜು ನಿನ್ನದು. ಕೇಳದೆ ಬಿಲ್ ತಂದಿಟ್ಟರೆ ಎದ್ದು ಹೋಗಿ ಅಂದ ಹಾಗೆ, ಅದು ಅವರಿಗೆ ಅವಮಾನದ ಕೆಲಸ. "ಲಾದಿಸ್ಯೋಂ, ಸಿಲ್ ವು ಪ್ಲೇ" ಅಂತ ನೀನೇ ಕೇಳಬೇಕು. ಮೆನುವಿನ ಬೆಲೆಯಲ್ಲೇ ಸರ್ವಿಸ್ ಸೇರಿರುತ್ತದೆ, ಅದು ಕಾನೂನು. ಟಿಪ್ಸಿಗಾಗಿ ನಗಬೇಕಾದ ಗತಿ ಅವರಿಗಿಲ್ಲ. ಹಾಗಾಗಿ ನಗದಿದ್ದರೆ ಕೋಪ ಅಂತ ಅಂದುಕೊಳ್ಳಬೇಡ. ಕುಡಿಯಲು "ಯುನ್ ಕರಾಫ್ ದೋ" ಕೇಳು, ನಲ್ಲಿ ನೀರು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಪ್ಯಾರಿಸ್‌ನ ಮಾತು ಬೇರೆ. ನಿನ್ನ ಗೆಳತಿ ಎರಡು ದಿನ ಅಲ್ಲಿದ್ದು ಇಡೀ ದೇಶಕ್ಕೆ ತೀರ್ಪು ಕೊಟ್ಟಳು ಅಂದೆ. ಫ್ರಾನ್ಸಿನ ಜನಸಂಖ್ಯೆ ಏಳು ಕೋಟಿಗೂ ಕಡಿಮೆ, ವರ್ಷಕ್ಕೆ ಬರುವ ವಿದೇಶಿಯರು ಸುಮಾರು ಹತ್ತು ಕೋಟಿ. ಆ ನೂಕುನುಗ್ಗಲಿನಲ್ಲಿ ದಿನವಿಡೀ ನಿಂತ ವೇಟರಿಗೆ ತಾಳ್ಮೆ ಕಡಿಮೆಯಾಗುತ್ತದೆ. ಪ್ಯಾರಿಸ್ಸಿನವರಿಗೇ ಇದು ಗೊತ್ತು. 2013ರಲ್ಲಿ ಅಲ್ಲಿನ ಪ್ರವಾಸೋದ್ಯಮದವರು ಮತ್ತು ವಾಣಿಜ್ಯ ಮಂಡಳಿ ಸೇರಿ, ಯಾವ ದೇಶದವರನ್ನು ಹೇಗೆ ಮಾತಾಡಿಸಬೇಕು ಅಂತ ಟ್ಯಾಕ್ಸಿ, ಹೋಟೆಲಿನವರಿಗೆ ಒಂದು ಕೈಪುಸ್ತಕವನ್ನೇ ಹಂಚಿದ್ದರು. ಬೇರೆ ಊರಿನ ಫ್ರೆಂಚರೂ ಪ್ಯಾರಿಸ್ಸಿನವರ ಮೇಲೆ ಇದೇ ದೂರು ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ.

ಟೂಲೂಸಿನ ವಿಕ್ತೊರ್ ಹ್ಯೂಗೊ ಮಾರ್ಕೆಟ್ಟಿನಲ್ಲಿ ಒಬ್ಬ ಹಣ್ಣಿನ ಅಜ್ಜಿ ಇದ್ದರು. ಮೊದಲ ದಿನ ನಾನು ಇಲ್ಲಿಯ ಅಭ್ಯಾಸದಂತೆ ಟೊಮೆಟೊ ಒತ್ತಿ ನೋಡಿದೆ, ಜೋರಾಗಿ ಗದರಿದರು. ಅಲ್ಲಿ ಹಣ್ಣು ಮುಟ್ಟಬಾರದು, ಅವರೇ ಆರಿಸಿ ಕೊಡುತ್ತಾರೆ. ಮೂರು ವಾರ ಆ ಕಡೆ ಹೋಗಲಿಲ್ಲ. ಆಮೇಲೆ ಹೋಗಿ ಬೊಂಜೂರ್ ಹೇಳಿ ಕರಬೂಜ ಕೇಳಿದರೆ, "ಇವತ್ತಿಗಾ, ನಾಳೆಗಾ?" ಅಂದರು. ಇವತ್ತೇ ತಿನ್ನುವುದಾದರೆ ಒಂದು, ನಾಳೆಗಾದರೆ ಇನ್ನೊಂದು. ಮೂಸಿ ನೋಡಿ, ತೊಟ್ಟು ನೋಡಿ ಆರಿಸಿದರು. ಎಂಥ ಸಿಹಿ ಅಂತೀಯಾ! ಆಮೇಲೆ ಎರಡು ವರ್ಷ ಪ್ರತಿ ಶನಿವಾರ ನಿನ್ನ ಕೈಗೆ ಒಂದು ಸ್ಟ್ರಾಬೆರಿ ಇಡದೆ ಕಳಿಸುತ್ತಿರಲಿಲ್ಲ.

ಇನ್ನೊಂದನ್ನು ಮುಚ್ಚಿಡುವುದಿಲ್ಲ. ಮನೆ ಹುಡುಕುವಾಗ ಒಬ್ಬ ಮಾಲೀಕರು ಫೋನಿನಲ್ಲಿ ಖಾಲಿ ಇದೆ ಅಂದಿದ್ದರು. ನಮ್ಮ ಬಣ್ಣ ನೋಡಿದೊಡನೆ "ಈಗಷ್ಟೇ ಹೋಯಿತು" ಅಂದರು. ಬೋರ್ಡು ಮಾತ್ರ ತಿಂಗಳಾದರೂ ಅಲ್ಲೇ ಇತ್ತು. ಅಪ್ಪ ಆ ದಿನ ಊಟ ಮಾಡಲಿಲ್ಲ. ಅದು ಬೊಂಜೂರಿನಿಂದ ಸರಿಹೋಗುವಂಥದ್ದಲ್ಲ, ಅವರ ಸಂಸ್ಕೃತಿ ಅಂತ ನೀನು ನುಂಗಿಕೊಳ್ಳಬೇಕಾದದ್ದೂ ಅಲ್ಲ. ಅಲ್ಲಿನ ಕಾನೂನಿನಲ್ಲೇ ಅದು ಅಪರಾಧ. ನಿನಗೆ ಹಾಗಾದರೆ 39 28ಕ್ಕೆ ಫೋನ್ ಮಾಡು, ಹಕ್ಕುಗಳನ್ನು ಕಾಯಲೆಂದೇ ಇರುವ ಸ್ವತಂತ್ರ ಸಂಸ್ಥೆಯದು. ನಮಗೆ ಆಗ ಯಾರನ್ನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಸಿಡುಕುವುದು ಬೇರೆ, ಇದು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಎಲ್ಲರ ಮೇಲೂ ಬಾಗಿಲು ಹಾಕಿಕೊಳ್ಳಬೇಡ.

ನಾಳೆ ಬೆಳಿಗ್ಗೆ ಅದೇ ಬೇಕರಿಗೆ ಹೋಗು. ಒಳಗೆ ಕಾಲಿಡುತ್ತಲೇ ಬೊಂಜೂರ್ ಮದಾಮ್ ಹೇಳು, ಆಮೇಲೆ ಯುನ್ ಬಾಗೆತ್. ಜೊತೆಗೆ ಆ ಚಾಕೊಲೇಟ್ ಬನ್ನನ್ನೂ ತಿನ್ನು, ಚಿಕ್ಕವಳಿದ್ದಾಗ ಮೂಗಿಗೆಲ್ಲ ಮೆತ್ತಿಕೊಳ್ಳುತ್ತಿದ್ದೆ. ನಾನು ನಿನಗೆ ಕಲಿಸಿದ ಶೊಕೊಲಾತಿನ್ ಟೂಲೂಸಿನ ಕಡೆಯ ಮಾತು. ಲಿಯೋಂನಲ್ಲಿ ಅದಕ್ಕೆ ಪಾನ್ ಓ ಶೊಕೊಲಾ ಅನ್ನಬೇಕು. ಏನಂದರು ಅಂತ ಸಂಜೆ ಹೇಳು, ಕಾಯುತ್ತಿರುತ್ತೇನೆ.

ನಿನ್ನ,
ಅಮ್ಮ