ಚೆಸ್ ಗುರುವಿನ ಹೆಸರೂ ಕಾಣಲಿ

ಮಾನ್ಯರೇ,

ಚೆಸ್ ಆಟಗಾರ ಪ್ರಜ್ಞಾನಂದ ಗೆದ್ದಾಗಲೆಲ್ಲ ಅವರ ಹಣೆಯ ವಿಭೂತಿ, ಸಭಾಂಗಣದಲ್ಲಿ ಕಾದು ಕುಳಿತ ಅಮ್ಮ ಪತ್ರಿಕೆಗಳಲ್ಲಿ ಕಾಣಿಸುತ್ತಾರೆ. ಸಂತೋಷವೇ. ಆದರೆ ಅವರನ್ನು ತಿದ್ದಿದ ಆರ್.ಬಿ. ರಮೇಶ್ ಹೆಸರು ಕೊನೆಯ ಸಾಲಿಗೆ ಸರಿಯುತ್ತದೆ. 2002ರಲ್ಲಿ ಬ್ರಿಟಿಷ್, 2007ರಲ್ಲಿ ಕಾಮನ್‌ವೆಲ್ತ್ ಚಾಂಪಿಯನ್ ಆದ ಈ ಗ್ರ್ಯಾಂಡ್‌ಮಾಸ್ಟರ್, ಮರುವರ್ಷವೇ ಸ್ಪರ್ಧೆ ಬಿಟ್ಟು ಚೆನ್ನೈನಲ್ಲಿ ಮಕ್ಕಳಿಗೆ ಕಲಿಸಲು ಕುಳಿತರು. ಅದೂ ಆಡುವ ವಯಸ್ಸಿನಲ್ಲಿ! ಪ್ರಜ್ಞಾನಂದರ ಅಕ್ಕ ವೈಶಾಲಿ, ಗ್ರ್ಯಾಂಡ್‌ಮಾಸ್ಟರ್ ಅರವಿಂದ್ ಚಿದಂಬರಂ ಕೂಡ ಅವರ ಗರಡಿಯಲ್ಲೇ ಪಳಗಿದವರು. 2022ರ ಮಾಮಲ್ಲಪುರಂ ಚೆಸ್ ಒಲಿಂಪಿಯಾಡ್‌ನಲ್ಲಿ ಕಂಚು ಗೆದ್ದ ಭಾರತ ‘ಬಿ’ ತಂಡಕ್ಕೂ ಅವರೇ ಕೋಚ್.

ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಬೇಸಿಗೆ ಶಿಬಿರ ಮುಗಿದೊಡನೆ ಚೆಸ್ ಬೋರ್ಡು ಬೀರು ಸೇರುವ ಊರುಗಳೇ ನಮ್ಮಲ್ಲಿ ಹೆಚ್ಚು. ಕ್ರೀಡಾ ಇಲಾಖೆ ಪ್ರತಿ ಜಿಲ್ಲೆಗೊಬ್ಬ ಚೆಸ್ ತರಬೇತುದಾರರನ್ನು ವರ್ಷವಿಡೀ ಸಂಬಳ ಕೊಟ್ಟು ನೇಮಿಸಲಿ.

– ಒಬ್ಬ ಪೋಷಕ, ದಾವಣಗೆರೆ