ನಾವು ಊರಿನಲ್ಲಿಲ್ಲದ 22 ದಿನ ಅಕ್ವೇರಿಯಂ ನೋಡಿಕೊಳ್ಳುವ ಸೇವೆಯಲ್ಲಾದ ಲೋಪದ ಬಗ್ಗೆ ದೂರು

ಇಂದ,
ಕುವೆಂಪುನಗರದ ಗ್ರಾಹಕಿ,
ಮೈಸೂರು.

ಇವರಿಗೆ,
ವ್ಯವಸ್ಥಾಪಕರು,
ಅಕ್ವೇರಿಯಂ ಮಾರಾಟ ಮತ್ತು ನಿರ್ವಹಣಾ ಸೇವೆ,
ಮೈಸೂರು.

ದಿನಾಂಕ: 8 ಮೇ 2025

ವಿಷಯ: ರಜಾ ಕಾಲದ ಅಕ್ವೇರಿಯಂ ಆರೈಕೆಯಲ್ಲಿ ಬರೆದುಕೊಟ್ಟ ಸೂಚನೆಗಳನ್ನು ಮೀರಿದ್ದರಿಂದ 15 ಮೀನುಗಳು ಸತ್ತಿರುವುದು.

ಮಾನ್ಯರೇ,

ನನ್ನ ಮಗಳ ಹೆರಿಗೆಗೆಂದು ನಾನು ಮತ್ತು ನನ್ನ ಪತಿ ಏಪ್ರಿಲ್ 12ರಿಂದ ಮೇ 3ರವರೆಗೆ ಪುಣೆಯಲ್ಲಿದ್ದೆವು. ಆ 22 ದಿನಗಳಲ್ಲಿ ವಾರಕ್ಕೆ ಎರಡು ಬಾರಿಯಂತೆ ಒಟ್ಟು ಆರು ಬಾರಿ ಮನೆಗೆ ಬಂದು ಮೀನಿನ ತೊಟ್ಟಿಯನ್ನು ನೋಡಿಕೊಳ್ಳಲು ತಮ್ಮ ಸಂಸ್ಥೆಗೆ 3,600 ರೂಪಾಯಿಗಳನ್ನು ಮುಂಗಡವಾಗಿಯೇ ಪಾವತಿಸಿದ್ದೆ. ನಾವು ಹೊರಟ ದಿನ ತೊಟ್ಟಿಯಲ್ಲಿ ಎರಡು ಏಂಜೆಲ್, 11 ನಿಯಾನ್ ಟೆಟ್ರಾ, ಐದು ಕೋರಿಡೋರಾಸ್ ಮತ್ತು ಒಂದು ಪ್ಲೆಕೊ, ಹೀಗೆ 19 ಮೀನುಗಳಿದ್ದವು. ಹಿಂದಿರುಗಿ ಬಂದಾಗ ಜೀವಂತ ಉಳಿದಿದ್ದವು ನಾಲ್ಕು. ವಯಸ್ಸಾಗಿಯೋ, ನನ್ನ ಕೈಮೀರಿದ ಯಾವುದೋ ರೋಗ ಬಂದೋ ಸತ್ತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಿಂಡಿ ಮಿತಿಮೀರಿ ಹಾಕಿದ್ದರಿಂದ, ನೀರನ್ನು ಒಂದೇ ಸಲಕ್ಕೆ ಬಹುತೇಕ ಪೂರ್ತಿ ಬದಲಾಯಿಸಿದ್ದರಿಂದ ಮತ್ತು ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆದದ್ದರಿಂದ ಅವು ಸತ್ತಿವೆ. ಈ ಮೂರನ್ನೂ ಮಾಡಬಾರದೆಂದು ನಾನು ಬರೆದೇ ಕೊಟ್ಟಿದ್ದೆ.

ಹೊರಡುವ ಮುನ್ನ ನಾನು ಮಾಡಿಕೊಂಡ ಸಿದ್ಧತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಮೇ 4ರಂದು ನಾನು ದೂರವಾಣಿ ಮಾಡಿದಾಗ ತಮ್ಮ ಕಚೇರಿಯವರು, ನಾವು ಹೋಗುವ ಮೊದಲೇ ತೊಟ್ಟಿ ಕೆಟ್ಟಿರಬಹುದೆಂದು ಹೇಳಿದರು. ಅದು ಸುಮಾರು 125 ಲೀಟರ್ ನೀರು ಹಿಡಿಯುವ, 2019ರಿಂದ ಒಮ್ಮೆಯೂ ಬರಿದಾಗದ ತೊಟ್ಟಿ. ಮಾರ್ಚ್ ಕೊನೆಯ ವಾರದಲ್ಲಿ ಫಿಲ್ಟರಿನ ಎರಡು ಸ್ಪಾಂಜುಗಳ ಪೈಕಿ ಒಂದನ್ನು ಮಾತ್ರ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ ತೆಗೆದು, ಇನ್ನೊಂದನ್ನು ಮುಟ್ಟದೆ ಬಿಟ್ಟಿದ್ದೆ. ಏಪ್ರಿಲ್ 8ರಂದು, ಅಂದರೆ ಹೊರಡಲು ನಾಲ್ಕು ದಿನವಿರುವಾಗ, ಮೂರನೆಯ ಒಂದು ಭಾಗದಷ್ಟು ನೀರು ಬದಲಾಯಿಸಿದೆ. ಹೊರಡುವ ದಿನವೇ ನೀರು ಬದಲಿಸಿ, ಏನಾದರೂ ಏರುಪೇರಾದರೆ ಸರಿಪಡಿಸಲು ನಾನೇ ಇಲ್ಲದಂತಾಗಬಾರದು ಎಂಬುದು ನನ್ನ ಲೆಕ್ಕವಾಗಿತ್ತು. ಎರಡು ತಿಂಗಳಿಂದ ಹೊಸ ಮೀನನ್ನೂ ತಂದಿರಲಿಲ್ಲ. ದೀಪಕ್ಕೆ ಟೈಮರ್ ಹಾಕಿ ದಿನಕ್ಕೆ ಆರು ಗಂಟೆಗೆ ಇಳಿಸಿದ್ದೆ. ವಿದ್ಯುತ್ ಹೋಗಿ ಬಂದಾಗ ಫಿಲ್ಟರ್ ತಾನಾಗಿ ಮತ್ತೆ ಓಡುತ್ತದೆಯೇ ಎಂದು ಮೂರು ಸಲ ಸ್ವಿಚ್ ಆರಿಸಿ ಹಾಕಿ ನೋಡಿ, ಏರ್ ಪಂಪನ್ನು ಮನೆಯ ಯುಪಿಎಸ್ ಲೈನಿಗೆ ಸೇರಿಸಿದ್ದೆ. ಏಪ್ರಿಲ್ 11ರ ರಾತ್ರಿ ನೀರನ್ನು ಪರೀಕ್ಷಿಸಿದಾಗ ಮೀನಿಗೆ ವಿಷವಾದ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಇತ್ತು. ಆ ಪರೀಕ್ಷೆಯ ಬಣ್ಣದ ಕೊಳವೆಗಳ ಚಿತ್ರ ದಿನಾಂಕ ಸಹಿತ ನನ್ನ ಮೊಬೈಲಿನಲ್ಲಿದೆ.

ತಾನಾಗಿ ತಿಂಡಿ ಹಾಕುವ ಯಂತ್ರವೊಂದನ್ನೂ ತಂದು ವಾರಗಟ್ಟಲೆ ಪ್ರಯೋಗಿಸಿದ್ದೆ. ನೀರಿನ ಹಬೆಗೆ ತಿಂಡಿ ಗಂಟುಕಟ್ಟಿ ಒಂದು ದಿನ ಬೀಳದೆ ಮರುದಿನ ಒಟ್ಟಾಗಿ ಬಿದ್ದದ್ದನ್ನು ಕಂಡು ಅದನ್ನು ಕೈಬಿಟ್ಟೆ. ಯಂತ್ರಕ್ಕಿಂತ ತಿಳಿದ ಮನುಷ್ಯರ ಕೈ ಮೇಲು ಎಂದು ನಂಬಿಯೇ ತಮ್ಮ ಸೇವೆಯನ್ನು ಪಡೆದದ್ದು.

ಏಪ್ರಿಲ್ 9ರಂದು ತೊಟ್ಟಿ ನೋಡಲು ಬಂದ ತಮ್ಮ ಸಿಬ್ಬಂದಿಗೆ ಸೂಚನೆಗಳ ಹಾಳೆಯನ್ನು ಓದಿ ಹೇಳಿದ್ದೆ. ಅವರು ಅದರ ಚಿತ್ರ ತೆಗೆದುಕೊಂಡರು, ಸಂಜೆ ತಮ್ಮ ಸಂಸ್ಥೆಯ ವಾಟ್ಸಾಪ್ ಸಂಖ್ಯೆಯಿಂದ ‘ಸರಿ ಮೇಡಂ, ಹಾಗೇ ಮಾಡುತ್ತೇವೆ’ ಎಂಬ ಉತ್ತರವೂ ಬಂತು. ಪ್ರತಿ ಭೇಟಿಗೆ ಒಂದರಂತೆ ಆರು ಕಾಗದದ ಪೊಟ್ಟಣಗಳಲ್ಲಿ ತಿಂಡಿ ಅಳೆದು, ದಾರ ಕಟ್ಟಿ, ಮೇಲೆ ದಿನಾಂಕ ಬರೆದು ತೊಟ್ಟಿಯ ಪಕ್ಕದ ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದೆ, ಉಳಿದ ತಿಂಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಬೆಳೆದ ಆರೋಗ್ಯವಂತ ಮೀನು ವಾರಗಟ್ಟಲೆ ಉಪವಾಸವಿದ್ದರೂ ಸಾಯುವುದಿಲ್ಲವೆಂದೂ, ಮನುಷ್ಯರು ಎದುರು ನಿಂತರೆ ಗಾಜಿನ ಬಳಿ ಬಂದು ಬಾಯಿ ತೆರೆಯುವುದು ಅವುಗಳ ಅಭ್ಯಾಸವೇ ಹೊರತು ಹಸಿವಿನ ಲಕ್ಷಣವಲ್ಲವೆಂದೂ ಹಾಳೆಯಲ್ಲಿ ಬರೆದಿದ್ದೆ. ಬೇಸಿಗೆಯಲ್ಲಿ ನೀರು ಆವಿಯಾಗಿ ಇಳಿಯುವುದರಿಂದ ಗಾಜಿನ ಮೇಲೆ ಕೆಂಪು ಟೇಪು ಅಂಟಿಸಿ, ಅಲ್ಲಿಯವರೆಗೆ ಮಾತ್ರ ತುಂಬಿಸಲು ನಲ್ಲಿ ನೀರಿನ ಕ್ಲೋರಿನ್ ನಿವಾರಿಸುವ ಆಂಟಿ ಕ್ಲೋರಿನ್ ಬೆರೆಸಿದ ನೀರಿನ ಎರಡು ಕ್ಯಾನುಗಳನ್ನು ಇಟ್ಟಿದ್ದೆ. ಬಂದವರು ಮಾಡಬೇಕಾಗಿದ್ದುದು ಒಂದು ಪೊಟ್ಟಣ ಬಿಚ್ಚಿ ಹಾಕುವುದು, ಟೇಪಿನ ಮಟ್ಟಕ್ಕೆ ನೀರು ಸೇರಿಸುವುದು, ಮೀನು ಎಣಿಸಿ ಒಂದು ಚಿತ್ರ ಕಳಿಸುವುದು, ಇಷ್ಟೇ. ಹತ್ತು ನಿಮಿಷದ ಕೆಲಸ.

ಏಪ್ರಿಲ್ 15 ಮತ್ತು 18ರಂದು ಒಬ್ಬರೇ ಬಂದು ಹೇಳಿದಂತೆಯೇ ನಡೆದುಕೊಂಡಿದ್ದಾರೆ. ಅವರ ಕೆಲಸದ ಬಗ್ಗೆ ನನ್ನದು ಯಾವ ಆಕ್ಷೇಪಣೆಯೂ ಇಲ್ಲ. 22ರಂದು ಬೇರೊಬ್ಬ ಹುಡುಗ ಬಂದನಂತೆ. ನಮ್ಮ ಮನೆಯ ಬೀಗದ ಕೈ ಎದುರು ಮನೆಯವರ ಬಳಿಯಿದ್ದು, ಪ್ರತಿ ಸಲವೂ ಬಾಗಿಲು ತೆರೆದು ನಿಂತವರು ಅವರೇ ಆದ್ದರಿಂದ ನಡೆದದ್ದೆಲ್ಲ ಅವರಿಂದ ತಿಳಿಯಿತು. ಮೀನುಗಳು ಹಸಿದು ಬಾಯಿ ಬಿಡುತ್ತಿವೆ ಎಂದು ಅವರೊಡನೆ ಹಿಂದಿಯಲ್ಲಿ ಮರುಗಿ ಹೇಳಿದ ಆ ಹುಡುಗ, ತಮ್ಮ ಅಂಗಡಿಯಿಂದ ತಂದ ತಿಂಡಿಯ ಡಬ್ಬಿಯಿಂದ ಕೈತುಂಬ ಹಾಕಿ, ಜೊತೆಗೆ ನೀರಿನಲ್ಲಿ ನಿಧಾನವಾಗಿ ಕರಗುವ, ತಿಂಡಿ ತುಂಬಿದ ಬಿಳಿಯ ರಜಾ ಬಿಲ್ಲೆಯೊಂದನ್ನೂ ಮರಳಿನ ಮೇಲಿಟ್ಟು ಹೋಗಿದ್ದಾನೆ. ಆತನಿಗೆ ಕನ್ನಡ ಓದಲು ಬರುವುದಿಲ್ಲ. ಗೋಡೆಗೆ ಅಂಟಿಸಿದ್ದ ನನ್ನ ಹಾಳೆ ಆತನ ಕಣ್ಣೆದುರೇ ಇದ್ದರೂ ಪ್ರಯೋಜನವಾಗಲಿಲ್ಲ, ಅದರಲ್ಲಿದ್ದುದನ್ನು ತಿಳಿಸಿ ಕಳಿಸುವ ಕೆಲಸವನ್ನು ತಮ್ಮ ಕಚೇರಿ ಮಾಡಲಿಲ್ಲ.

25ರಂದು ಯಾರೂ ಬರಲೇ ಇಲ್ಲ. ಆದರೂ ಅಂದು ಮಧ್ಯಾಹ್ನ ‘ಎಲ್ಲವೂ ಚೆನ್ನಾಗಿದೆ’ ಎಂಬ ಸಂದೇಶದೊಂದಿಗೆ ನನಗೊಂದು ಚಿತ್ರ ಬಂತು. ಆಸ್ಪತ್ರೆಯ ಓಡಾಟದಲ್ಲಿದ್ದ ನಾನು ಅದನ್ನು ನೋಡಿ ಸಮಾಧಾನಪಟ್ಟುಕೊಂಡೆ. ಊರಿಗೆ ಬಂದ ಮೇಲೆ 18ರ ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಒಂದೇ ಚಿತ್ರವೆಂದು ತಿಳಿಯಿತು. ದೊಡ್ಡ ಏಂಜೆಲ್ ಅದೇ ಎಲೆಯ ಹಿಂದೆ ಅದೇ ಓರೆಯಲ್ಲಿ ನಿಂತಿದೆ, ಗಾಜಿನಲ್ಲಿ ಪ್ರತಿಫಲಿಸಿದ ನಮ್ಮ ಹಜಾರದ ಗಡಿಯಾರ ಎರಡರಲ್ಲೂ ಹನ್ನೊಂದು ಗಂಟೆ ಹತ್ತು ನಿಮಿಷವನ್ನೇ ತೋರಿಸುತ್ತಿದೆ. ಈ ಪತ್ರದಲ್ಲಿ ನನ್ನ ಮನಸ್ಸಿಗೆ ಅತ್ಯಂತ ನೋವು ಕೊಟ್ಟ ಸಂಗತಿ ಇದು. ಅಂದು ನಿಜವಾದ ಚಿತ್ರ ಬಂದಿದ್ದರೆ ನೀರು ಕಲಕಿರುವುದು ಕಾಣುತ್ತಿತ್ತು, ಪುಣೆಯಿಂದಲೇ ಪರಿಚಯದವರೊಬ್ಬರನ್ನು ಕಳಿಸಿ ತಿಂಡಿಯನ್ನೂ ಬಿಲ್ಲೆಯನ್ನೂ ಹೊರತೆಗೆಸುತ್ತಿದ್ದೆ.

29ರಂದು ಅದೇ ಹುಡುಗ ಮತ್ತೆ ಬಂದಾಗ ನೀರು ಅಕ್ಕಿ ತೊಳೆದ ನೀರಿನಂತಾಗಿ ವಾಸನೆ ಹಿಡಿದಿತ್ತಂತೆ. ಆತ ಕಚೇರಿಗೆ ಫೋನ್ ಮಾಡಿ ಕೇಳಿದ್ದನ್ನೂ, ‘ಪೂರ್ತಿ ಕ್ಲೀನ್ ಮಾಡಿಬಿಡು’ ಎಂಬ ಉತ್ತರ ಬಂದದ್ದನ್ನೂ ಎದುರು ಮನೆಯವರು ಕೇಳಿಸಿಕೊಂಡಿದ್ದಾರೆ. ನಾಲ್ಕು ಬೆರಳಿನಷ್ಟು ನೀರು ಉಳಿಸಿ ಮಿಕ್ಕದ್ದನ್ನೆಲ್ಲ ಹೊರಚೆಲ್ಲಿ, ಹಿತ್ತಲ ನಲ್ಲಿಗೆ ಪೈಪು ಹಾಕಿ ನೇರವಾಗಿ ತುಂಬಿಸಿ, ಎರಡೂ ಸ್ಪಾಂಜುಗಳನ್ನು ಅದೇ ನಲ್ಲಿಯ ಕೆಳಗೆ ಬಟ್ಟೆ ಬ್ರಷ್ಷಿನಿಂದ ಉಜ್ಜಿ ತೊಳೆಯಲಾಯಿತು. ಮೇ 2ರಂದು ಬಂದ ಮೂರನೆಯವರು ‘ಎರಡು ಮೀನು ಸತ್ತಿವೆ, ತೆಗೆದಿದ್ದೇವೆ’ ಎಂದು ಸಂದೇಶ ಕಳಿಸಿದರು.

ಮೇ 3ರ ಸಂಜೆ ಬಾಗಿಲು ತೆಗೆದಾಗ ನೀರು ತಿಳಿಯಾಗಿತ್ತು. ಸತ್ತ ಟೆಟ್ರಾಗಳು ಫಿಲ್ಟರಿನ ಬಾಯಿಗೆ ಅಂಟಿಕೊಂಡಿದ್ದವು, ಉಳಿದ ನಾಲ್ಕು ಮೀನುಗಳು ನೀರಿನ ಮೇಲ್ಮೈಯಲ್ಲಿ ಏದುಸಿರು ಬಿಡುತ್ತಿದ್ದವು. ಅಮೋನಿಯದ ಪರೀಕ್ಷಾ ಕೊಳವೆಯಲ್ಲಿ ಹಳದಿಯಾಗಿ ಉಳಿಯಬೇಕಾಗಿದ್ದ ನೀರು ಕಡು ಹಸಿರಿಗೆ ತಿರುಗಿತು. ಸ್ಟೀಲ್ ಡಬ್ಬಿಯನ್ನು ತೆರೆದರೆ ನಾಲ್ಕು ಪೊಟ್ಟಣಗಳು ನಾನು ಕಟ್ಟಿದ ದಾರದೊಂದಿಗೆ ಹಾಗೆಯೇ ಇದ್ದವು.

ತಮ್ಮ ಸಂಸ್ಥೆ ಮೀನು ಮಾರುವ ಸಂಸ್ಥೆಯಾದ್ದರಿಂದ ಇದರ ಕಾರಣವನ್ನು ನಾನು ಹೇಳಬೇಕಾದ ಅಗತ್ಯ ಬೀಳಬಾರದಿತ್ತು. ಮೀನಿನ ಕಿವಿರಿನಿಂದಲೂ ಹಿಕ್ಕೆಯಿಂದಲೂ ಕೊಳೆತ ತಿಂಡಿಯಿಂದಲೂ ನೀರಿಗೆ ಅಮೋನಿಯ ಸೇರುತ್ತಲೇ ಇರುತ್ತದೆ. ಸ್ಪಾಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯ ಬ್ಯಾಕ್ಟೀರಿಯಗಳು ಆ ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಾಯಿಸುವುದರಿಂದಲೇ ಮೀನು ಬದುಕುತ್ತದೆ. ನೋಡುವವರಿಗೆ ಕೊಳೆಯಂತೆ ಕಾಣುವ ಆ ಕಂದು ಲೋಳೆಯೇ ತೊಟ್ಟಿಯ ಜೀವ, ಹೊಸದಾಗಿ ಅದು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮೈಸೂರಿಗೆ ಕಾವೇರಿಯಿಂದಲೂ ಕಬಿನಿಯಿಂದಲೂ ನೀರು ಬರುತ್ತದೆ. ಯಾವ ಹೊಳೆಯದಾದರೂ ನಮ್ಮ ಆರೋಗ್ಯಕ್ಕಾಗಿ ಕ್ಲೋರಿನ್ ಬೆರೆಸಿಯೇ ಅದನ್ನು ನಲ್ಲಿಗೆ ಬಿಡುತ್ತಾರೆ. ಆ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಸ್ಪಾಂಜಿನ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆ. ಅದನ್ನು ತಡೆಯುವ ಆಂಟಿ ಕ್ಲೋರಿನ್ ಬಾಟಲಿ ತೊಟ್ಟಿಯ ಕೆಳಗಿನ ಕಪಾಟಿನಲ್ಲಿಯೇ ಇತ್ತು. ಸಾಲದ್ದಕ್ಕೆ ಏಪ್ರಿಲ್ ಸೆಖೆಯಲ್ಲಿ ನಮ್ಮ ಮನೆಯೊಳಗಿನ ತೊಟ್ಟಿಯ ನೀರೇ 30 ಡಿಗ್ರಿ ಮುಟ್ಟುತ್ತದೆ. ಬಿಸಿ ಹೆಚ್ಚಿದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಅಮೋನಿಯದ ವಿಷವೂ ಏರುತ್ತದೆ. ನೀರು ಕಲಕಿರುವುದನ್ನು ಕಂಡಾಗ ಉಳಿದ ತಿಂಡಿಯನ್ನು ತೆಗೆದು, ಕ್ಲೋರಿನ್ ನಿವಾರಿಸಿದ ನೀರಿನಿಂದ ಕಾಲುಭಾಗ ಬದಲಾಯಿಸಿ, ತಿಂಡಿ ನಿಲ್ಲಿಸಿದ್ದರೆ ಹೆಚ್ಚಿನ ಮೀನುಗಳು ಉಳಿಯುತ್ತಿದ್ದವೆಂದು ನಾನು ದೃಢವಾಗಿ ನಂಬಿದ್ದೇನೆ.

ಸತ್ತ ಏಂಜೆಲ್‌ಗಳು ಜೋಡಿಯಾಗಿದ್ದವು. ಅಗಲ ಎಲೆಯ ಗಿಡವೊಂದನ್ನು ಆರಿಸಿಕೊಂಡು ಅದರ ಮೇಲೆ ಮೊಟ್ಟೆಯಿಟ್ಟು, ಸರದಿಯಲ್ಲಿ ರೆಕ್ಕೆ ಬೀಸುತ್ತ ಕಾಯುತ್ತಿದ್ದ ಆ ಎರಡು ಮೀನುಗಳನ್ನು ಒಂದು ರೂಪಾಯಿ ನಾಣ್ಯದಷ್ಟಿದ್ದಾಗಿನಿಂದ ಸಾಕಿದ್ದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬಾಳುವ ಜಾತಿ ಅದು. ದೂರವಾಣಿಯಲ್ಲಿ ಮಾತನಾಡಿದವರು, ಮೀನು ಸಾಯುವುದು ಸಹಜವೆಂದೂ, ಬೇಕಾದರೆ ಹೊಸ ಮೀನುಗಳನ್ನು ಅರ್ಧ ಬೆಲೆಗೆ ಮರುದಿನವೇ ತಂದು ಬಿಡುತ್ತೇವೆಂದೂ ಹೇಳಿದರು. ಬ್ಯಾಕ್ಟೀರಿಯ ಸತ್ತಿರುವ ತೊಟ್ಟಿಗೆ ಹೊಸ ಮೀನು ಬಿಟ್ಟರೆ ಅವೂ ಸಾಯುತ್ತವೆ ಎಂಬುದು ಮೀನು ಮಾರುವವರಿಗೆ ತಿಳಿದಿರಬೇಕಾದ ಮೊದಲ ಪಾಠ. ಆ ಮಾತು ಕೇಳಿದ ಮೇಲೆಯೇ ಲಿಖಿತವಾಗಿ ದೂರು ಕೊಡಲು ನಿರ್ಧರಿಸಿದೆ.

ನಾನು ಕೇಳುವುದು ಇಷ್ಟು. ಸೇವೆಗೆ ಪಾವತಿಸಿದ 3,600 ರೂಪಾಯಿಗಳನ್ನೂ, ನಾನು ಕೇಳದೆಯೇ ತಂದ ತಿಂಡಿ ಮತ್ತು ಬಿಲ್ಲೆಗೆಂದು ಪ್ರತ್ಯೇಕವಾಗಿ ವಸೂಲು ಮಾಡಿದ 520 ರೂಪಾಯಿಗಳನ್ನೂ ಹಿಂದಿರುಗಿಸಬೇಕು. ಸತ್ತ 15 ಮೀನುಗಳಿಗೆ ತಮ್ಮದೇ ಅಂಗಡಿಯ ದರಪಟ್ಟಿಯಂತೆ ಬೆಲೆ ಕಟ್ಟಿಕೊಡಬೇಕು. ಏಪ್ರಿಲ್ 25ರಂದು ಹಳೆಯ ಚಿತ್ರವನ್ನು ಕಳಿಸಿದವರು ಯಾರು, ಯಾರ ಹೇಳಿಕೆಯ ಮೇರೆಗೆ ಕಳಿಸಿದರು ಎಂಬುದಕ್ಕೆ ಲಿಖಿತ ಉತ್ತರ ಬೇಕು. ಆ ಹುಡುಗನ ಸಂಬಳದಲ್ಲಿ ಈ ಹಣವನ್ನು ಹಿಡಿಯಬಾರದೆಂದು ವಿಶೇಷವಾಗಿ ವಿನಂತಿಸುತ್ತೇನೆ. ಮೀನು ಹಸಿದಿವೆ ಎಂದು ಮರುಗಿದ್ದು, ಸಂಶಯ ಬಂದಾಗ ಕಚೇರಿಯನ್ನು ಕೇಳಿದ್ದು ಆತನ ತಪ್ಪಲ್ಲ. ತರಬೇತಿ ಕೊಡದೆ, ಆತನಿಗೆ ತಿಳಿಯುವ ಭಾಷೆಯಲ್ಲಿ ಸೂಚನೆ ಕೊಡದೆ, ಕೇಳಿದಾಗ ತಪ್ಪು ಹೇಳಿಕೊಟ್ಟವರು ಉತ್ತರಿಸಬೇಕು. ಈ ಬೇಸಿಗೆ ರಜೆಯಲ್ಲಿ ಇನ್ನೂ ಹಲವು ಮನೆಗಳ ತೊಟ್ಟಿಗಳು ತಮ್ಮ ಕೈಯಲ್ಲಿರಬಹುದು. ಮನೆಯವರು ಅಳೆದಿಟ್ಟ ತಿಂಡಿಯನ್ನು ಬಿಟ್ಟು ಬೇರೇನನ್ನೂ ಹಾಕಬಾರದು, ಮನೆಯವರನ್ನು ಕೇಳದೆ ಫಿಲ್ಟರ್ ಮುಟ್ಟಬಾರದು ಎಂಬ ಎರಡು ನಿಯಮಗಳನ್ನಾದರೂ ಇಂದೇ ಎಲ್ಲ ಸಿಬ್ಬಂದಿಗೆ ತಿಳಿಸಬೇಕೆಂದು ಕೋರುತ್ತೇನೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಇದನ್ನು ಸೇವಾ ನ್ಯೂನತೆಯೆಂದು ಪರಿಗಣಿಸುವಂತೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಹಣ ಪಾವತಿಯ ವಿವರ, ಸೂಚನೆಗಳ ಹಾಳೆ, ಎರಡೂ ದಿನಗಳ ಚಿತ್ರ ಮತ್ತು ಸಂದೇಶಗಳ ಪ್ರತಿಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಬಿಚ್ಚದೆ ಉಳಿದ ನಾಲ್ಕು ಪೊಟ್ಟಣಗಳು ನನ್ನ ಬಳಿಯೇ ಇವೆ.

ಬದುಕಿರುವ ಮೂರು ಕೋರಿಡೋರಾಸ್ ಮತ್ತು ಪ್ಲೆಕೊಗೆ ಸದ್ಯ ತಿಂಡಿ ನಿಲ್ಲಿಸಿ, ದಿನವೂ ಸ್ವಲ್ಪ ಸ್ವಲ್ಪವೇ ನೀರು ಬದಲಾಯಿಸುತ್ತ, ಪರಿಚಯದವರ ತೊಟ್ಟಿಯಿಂದ ಹಳೆಯ ಸ್ಪಾಂಜೊಂದನ್ನು ತಂದು ಫಿಲ್ಟರಿನಲ್ಲಿಟ್ಟಿದ್ದೇನೆ. ತಮ್ಮ ಸಂಸ್ಥೆಯಲ್ಲಿ ಈ ವಿಷಯ ಬಲ್ಲವರು ಯಾರಾದರೂ ಬಂದು ನೋಡುವುದಾದರೆ ಸಂಜೆ 5 ಗಂಟೆಯ ನಂತರ ನಾನು ಮನೆಯಲ್ಲಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)