ಈಜಿಪ್ಟ್ ಪಾಠ ಭಾಗಮಂಡಲದ ಮಳೆಯಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಕಾಫಿ ಕುಯ್ಲಿನ ಹೊತ್ತಿಗೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ವಸ್ತುಪ್ರದರ್ಶನಗಳೂ ಶುರುವಾಗುತ್ತವೆ. ಸಮಾಜ ವಿಜ್ಞಾನದ ಮೇಜಿನ ಮೇಲೆ ಥರ್ಮೋಕೋಲ್ ಪಿರಮಿಡ್ಡು, ಬ್ಯಾಂಡೇಜು ಸುತ್ತಿದ ಗೊಂಬೆ, ಹಿಂದಿನ ಗೋಡೆಗೆ ಎ ಇಂದ ಝಡ್‌ವರೆಗಿನ ಚಿತ್ರಲಿಪಿಯ ಚಾರ್ಟು. ಮಕ್ಕಳ ಉತ್ಸಾಹದಲ್ಲಿ ಕೊರತೆಯಿಲ್ಲ. ಆದರೆ ಪಿರಮಿಡ್ಡಿನ ಅಳತೆ ತಪ್ಪಿರುತ್ತದೆ, ಚಾರ್ಟಿನ ಅರ್ಧ ಗುರುತುಗಳು ತಪ್ಪಿರುತ್ತವೆ, ನೈಲ್ ನದಿಯಂತೂ ನೀಲಿ ಬಣ್ಣದ ಒಂದು ಗೆರೆಯಾಗಿ ಉಳಿದಿರುತ್ತದೆ. ಶಿಕ್ಷಕರಿಗೂ ಪೋಷಕರಿಗೂ ಉಪಯೋಗವಾಗಬಹುದೆಂದು ಕೆಲವು ವಿವರಗಳನ್ನು ಬರೆಯುತ್ತಿದ್ದೇವೆ.

ಮೊದಲು ನದಿ. ಈಜಿಪ್ಟಿನಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿನ ಹೊಲಗಳಿಗೆ ನೀರು, ಹೂಳು ಎರಡೂ ಬರುತ್ತಿದ್ದುದು ದೂರದ ಇಥಿಯೋಪಿಯದ ಬೆಟ್ಟಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮುಂಗಾರಿನಿಂದ. ನೀಲಿ ನೈಲ್ ಮತ್ತು ಅತ್ಬಾರಾ ನದಿಗಳು ಆ ನೀರನ್ನು ಉತ್ತರಕ್ಕೆ ಹೊತ್ತು ತರುತ್ತಿದ್ದವು. ಇದನ್ನು ಕೊಡಗಿನ ಮಕ್ಕಳಿಗೆ ಅರ್ಥ ಮಾಡಿಸುವುದು ಸುಲಭ, ಏಕೆಂದರೆ ಅವರು ಇರುವುದೇ ಕಾವೇರಿಯ ಮಳೆ ಸುರಿಯುವ ತುದಿಯಲ್ಲಿ. ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗುವಾಗ ತಂಜಾವೂರಿನಲ್ಲಿ ಬಿಸಿಲಿರಬಹುದು. ಆದರೂ ಅಲ್ಲಿನ ಕುರುವೈ ಭತ್ತದ ಬೆಳೆ, ವಾಡಿಕೆಯಂತೆ ಜೂನ್ 12ರಂದು ತೆರೆಯುವ ಮೆಟ್ಟೂರು ಅಣೆಕಟ್ಟಿನ ಗೇಟು, ಎಲ್ಲವೂ ನಮ್ಮ ಮಳೆಯನ್ನು ಕಾದು ಕೂತಿರುತ್ತವೆ. ಇಥಿಯೋಪಿಯದ ಬೆಟ್ಟಗಳ ಜಾಗದಲ್ಲಿ ಬ್ರಹ್ಮಗಿರಿಯನ್ನಿಡಿ, ಈಜಿಪ್ಟಿನ ಜಾಗದಲ್ಲಿ ತಂಜಾವೂರನ್ನಿಡಿ. ಪಾಠದ ಮುಕ್ಕಾಲು ಭಾಗ ಮುಗಿದಂತೆಯೇ. ನಕ್ಷೆ ಬರೆಯುವಾಗ ಒಂದು ಎಚ್ಚರ ಬೇಕು. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ‘ಮೇಲಣ ಈಜಿಪ್ಟ್’ ನಕ್ಷೆಯ ಕೆಳಭಾಗದಲ್ಲಿ, ದಕ್ಷಿಣದಲ್ಲಿ ಬರುತ್ತದೆ. ಹತ್ತರಲ್ಲಿ ಎಂಟು ಚಾರ್ಟುಗಳಲ್ಲಿ ಇದು ತಲೆಕೆಳಗಾಗಿರುತ್ತದೆ.

ಅವರ ವರ್ಷಕ್ಕೆ ಮೂರು ಋತುಗಳು: ಪ್ರವಾಹದ ಅಖೆತ್, ಬಿತ್ತನೆಯ ಪೆರೆತ್, ಕೊಯ್ಲಿನ ಶೆಮು. ಒಂದೊಂದು ಋತುವಿಗೆ 30 ದಿನಗಳ ನಾಲ್ಕು ತಿಂಗಳು, ಕೊನೆಗೆ ಐದು ದಿನ ಸೇರಿಸಿ 365. ಅಧಿಕ ದಿನ ಇರಲಿಲ್ಲವಾದ್ದರಿಂದ ನಾಲ್ಕು ವರ್ಷಕ್ಕೊಂದು ದಿನದಂತೆ ಪಂಚಾಂಗ ಜಾರುತ್ತಿತ್ತು. 120 ವರ್ಷ ಕಳೆದರೆ ಒಂದು ತಿಂಗಳೇ ವ್ಯತ್ಯಾಸ. ಪ್ರವಾಹದ ಎತ್ತರವನ್ನು ದಡದ ಮೆಟ್ಟಿಲುಗಳ ಮೇಲೆ ಕೊರೆದ ಗೆರೆಗಳಿಂದ ಅಳೆಯುತ್ತಿದ್ದರು. ಆಸ್ವಾನ್ ಎದುರಿನ ಎಲಿಫಂಟೈನ್ ದ್ವೀಪದಲ್ಲಿ ಅಂಥ ಅಳತೆಗಟ್ಟೆ ಈಗಲೂ ಇದೆ. ರೋಮನ್ ಲೇಖಕ ಪ್ಲಿನಿ ಕೊಡುವ ಲೆಕ್ಕ ಹೀಗಿದೆ: ನೀರು 12 ಮೊಳ ಏರಿದರೆ ಕ್ಷಾಮ, 13ಕ್ಕೆ ಹಸಿವು, 14ಕ್ಕೆ ಸಂತೋಷ, 15ಕ್ಕೆ ನೆಮ್ಮದಿ, 16ಕ್ಕೆ ಸಂಭ್ರಮ. ಈಜಿಪ್ಟಿನ ರಾಜಮೊಳ ಸುಮಾರು 52.4 ಸೆಂಟಿಮೀಟರ್. ಹಾಗಾಗಿ ಕ್ಷಾಮಕ್ಕೂ ಸಂಭ್ರಮಕ್ಕೂ ನಡುವೆ ಇದ್ದದ್ದು ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ನೀರು, ಅಷ್ಟೆ. ನಮ್ಮ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಭಾಗ) ಬರೆದಿಡುವ ಪುಸ್ತಕ ಸಾಮಾನ್ಯ. ಮಕ್ಕಳು ಅಂಥ ಹಳೆಯ ಪುಸ್ತಕವೊಂದನ್ನು ಕೇಳಿ ತಂದು, ವರ್ಷವಾರು ಜುಲೈ ಮಳೆಯನ್ನು ಎರಡು ಮೀಟರಿನ ಬಿದಿರಿನ ಕೋಲಿನ ಮೇಲೆ ಗುರುತು ಹಾಕಲಿ. ಯಾವ ಗುರುತಿಗೆ ಬೆಳೆ ಚೆನ್ನಾಗಿತ್ತು, ಯಾವುದಕ್ಕೆ ಕಾಯಿ ಉದುರಿತು ಎಂದು ಮನೆಯ ಹಿರಿಯರನ್ನು ಕೇಳಿ ಪಕ್ಕದಲ್ಲಿ ಬರೆಯಲಿ. ಫೇರೋನ ಕರಣಿಕರು ಕಂದಾಯ ನಿಗದಿ ಮಾಡುವಾಗ ಇಂಥದೇ ಲೆಕ್ಕ ನೋಡುತ್ತಿದ್ದರು.

ಇನ್ನು ಪಿರಮಿಡ್ಡು. ಹೆಚ್ಚಿನವರು ನಾಲ್ಕು ಸಮಬಾಹು ತ್ರಿಕೋನ ಕತ್ತರಿಸಿ ಅಂಟಿಸುತ್ತಾರೆ. ಆಗ ಇಳಿಜಾರು ಸುಮಾರು 54.7 ಡಿಗ್ರಿ ಆಗುತ್ತದೆ. ಖುಫು ದೊರೆಯ ಮಹಾ ಪಿರಮಿಡ್ಡಿನದು 51.8. ಮೂರೇ ಡಿಗ್ರಿ ಅಂದುಕೊಳ್ಳಬೇಡಿ, ಕಣ್ಣಿಗೆ ಗೋಪುರದಂತೆ ಕಾಣುತ್ತದೆ. ಈಜಿಪ್ಟಿನವರು ಡಿಗ್ರಿ ಬಳಸುತ್ತಿರಲಿಲ್ಲ. ಒಂದು ಮೊಳ, ಅಂದರೆ ಏಳು ಅಂಗೈ, ಮೇಲೇರಿದರೆ ಐದೂವರೆ ಅಂಗೈ ಒಳಸರಿಯಬೇಕು ಎಂಬುದು ಅವರ ಲೆಕ್ಕ. ಬುಡದ ಒಂದು ಬದಿ 440 ಮೊಳ, ಎತ್ತರ 280 ಮೊಳ. ನಮ್ಮ ಅಳತೆಯಲ್ಲಿ 230.3 ಮೀಟರ್ ಮತ್ತು 146.6 ಮೀಟರ್. 500ಕ್ಕೆ 1ರ ಪ್ರಮಾಣದಲ್ಲಿ ಬುಡ 46 ಸೆಂಟಿಮೀಟರ್, ಎತ್ತರ 29.3. ಇದಕ್ಕೆ ಬೇಕಾದ ಒಂದೊಂದು ತ್ರಿಕೋನದ ಬುಡ 46, ಉಳಿದ ಎರಡು ಬದಿ 43.8, ಬುಡದ ಮಧ್ಯದಿಂದ ತುದಿಗೆ 37.3 ಸೆಂಟಿಮೀಟರ್. ದಪ್ಪ ರಟ್ಟು ಅಥವಾ ಥರ್ಮೋಕೋಲಾದರೆ ಅಂಚುಗಳನ್ನು ಒಳಮುಖವಾಗಿ ಓರೆ ಕೊಯ್ಯಬೇಕು. ಇಲ್ಲದಿದ್ದರೆ ಮೂಲೆಗಳಲ್ಲಿ ಸಂದು ಬಿಟ್ಟು, ತುದಿ ಕೂಡುವುದೇ ಇಲ್ಲ. ಆಮೇಲೆ ಅದನ್ನು ಫೆವಿಕಾಲ್ ಸುರಿದು ಮುಚ್ಚುವ ಪಾಡು. ಪಕ್ಕದಲ್ಲಿ ಮನುಷ್ಯನನ್ನು ನಿಲ್ಲಿಸುವುದಾದರೆ ಅವನ ಎತ್ತರ ಮೂರೂವರೆ ಮಿಲಿಮೀಟರ್ ಮೀರಬಾರದು. ಅಂಗಡಿಯ ಪ್ಲಾಸ್ಟಿಕ್ ಒಂಟೆ ಇಟ್ಟರೆ ಇಡೀ ಪ್ರಮಾಣ ಕೆಟ್ಟಿತು.

ಬಣ್ಣದ ವಿಷಯ. ಕಟ್ಟಿ ಮುಗಿಸಿದಾಗ ಅದು ಕಂದು ಮೆಟ್ಟಿಲುಗಳ ಗುಡ್ಡೆಯಾಗಿರಲಿಲ್ಲ. ತೂರಾದ ಗಣಿಯಿಂದ ತಂದ ಬಿಳಿ ಸುಣ್ಣಕಲ್ಲಿನ ನುಣುಪು ಹೊದಿಕೆ ಇತ್ತು. ಮಧ್ಯಯುಗದಲ್ಲಿ ಆ ಕಲ್ಲನ್ನು ಕಿತ್ತು ಕೈರೋದ ಕಟ್ಟಡಗಳಿಗೆ ಬಳಸಿದರು. ಮೂರು ಪಿರಮಿಡ್ಡುಗಳ ಫೋಟೋದಲ್ಲಿ ನಡುವಿನದು, ತುದಿಯಲ್ಲಿ ಹೊದಿಕೆ ಉಳಿದಿರುವುದು, ಎತ್ತರವಾಗಿ ಕಾಣುವುದರಿಂದ ಅದಕ್ಕೇ ‘ಖುಫು’ ಎಂದು ಬರೆದುಬಿಡುತ್ತಾರೆ. ಅದು ಅವನ ಮಗ ಖಾಫ್ರೆಯದು. ಎತ್ತರದ ನೆಲದ ಮೇಲೆ ನಿಂತಿದೆಯೇ ಹೊರತು, ಅಳತೆಯಲ್ಲಿ ತಂದೆಯದಕ್ಕಿಂತ ಚಿಕ್ಕದು. ಮೂರನೆಯದಾದ ಮೆಂಕೌರೆಯದು ಸುಮಾರು 65 ಮೀಟರ್ ಮಾತ್ರ. ಮಾದರಿಯಲ್ಲಿ 13 ಸೆಂಟಿಮೀಟರ್.

‘ಗುಲಾಮರನ್ನು ಚಾಟಿಯಿಂದ ಹೊಡೆದು ಕಟ್ಟಿಸಿದರು’ ಎಂಬ ಫಲಕವನ್ನು ದಯವಿಟ್ಟು ತೆಗೆಯಿರಿ. ಈ ಪಿರಮಿಡ್ಡುಗಳಿರುವ ಗೀಜಾದಲ್ಲಿ ಕೆಲಸಗಾರರ ಊರು, ಬ್ರೆಡ್ಡು ಬೇಯಿಸುತ್ತಿದ್ದ ಜಾಗ, ಪಿರಮಿಡ್ಡಿನ ಹತ್ತಿರವೇ ಗೌರವದಿಂದ ಹೂಳಿದ ಅವರ ಗೋರಿಗಳು ಉತ್ಖನನದಲ್ಲಿ ಸಿಕ್ಕಿವೆ. ಅದಕ್ಕಿಂತ ಸ್ವಾರಸ್ಯದ ಸಾಕ್ಷಿ 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಫ್ರೆಂಚ್ ಪುರಾತತ್ವಜ್ಞ ಪಿಯರ್ ತಾಲೆ ಅವರ ತಂಡಕ್ಕೆ ಸಿಕ್ಕ ಪಪೈರಸ್ ಕಡತ. ಮೆರೆರ್ ಎಂಬ ಮೇಸ್ತ್ರಿ ಖುಫುವಿನ ಕಾಲದಲ್ಲಿ ಬರೆದ ದಿನಚರಿ ಅದು. ಸುಮಾರು 40 ಜನರ ತಂಡ ಕಟ್ಟಿಕೊಂಡು, ತೂರಾದಲ್ಲಿ ಕಲ್ಲು ತುಂಬಿಸಿ, ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿ, ಇಳಿಸಿ, ಮತ್ತೆ ಹೊರಡುವುದು. ಹತ್ತು ದಿನಕ್ಕೆ ಎರಡು ಮೂರು ಸುತ್ತು. ಪ್ರವಾಹದ ತಿಂಗಳುಗಳಲ್ಲಿ ಕಾಲುವೆಗಳು ತುಂಬಿದಾಗ ಈ ಸಾಗಣೆ ಸುಲಭ. ಮತ್ತೆ ನದಿಗೇ ಬಂದೆವು ನೋಡಿ! ಕೂಲಿಪುಸ್ತಕ ಬರೆಯುವ ತೋಟದ ರೈಟರಿಗೆ ಆ ದಿನಚರಿ ತೋರಿಸಿದರೆ ಇದೇನು ಹೊಸದಲ್ಲ ಎನ್ನುತ್ತಾರೆ.

ಚಿತ್ರಲಿಪಿಯ ಚಾರ್ಟಿನ ಮೂಲ ತೊಂದರೆ ಅದರಲ್ಲಿರುವ ಸ್ವರಗಳು. ಈಜಿಪ್ಟಿನ ಬರಹದಲ್ಲಿ ಒಂದೇ ವ್ಯಂಜನ ಸೂಚಿಸುವ 24 ಗುರುತುಗಳಿದ್ದವು, ಎರಡು ಮೂರು ವ್ಯಂಜನ ಸೂಚಿಸುವವು ಬೇರೆ, ಸ್ವರ ಬರೆಯುತ್ತಿರಲಿಲ್ಲ. ಗೂಬೆ ‘ಮ’, ಬಾಯಿ ‘ರ’. ಇವೆರಡನ್ನೇ ಬರೆದರೆ ನಮ್ಮ ಮರ, ಮೂರು, ಮೋರೆ, ಮಾರಿ ಎಲ್ಲವೂ ಆಗಬಹುದು. ಗೊಂದಲ ಬಿಡಿಸಲು ಅವರು ಪದದ ಕೊನೆಗೆ ಉಚ್ಚರಿಸದ ಒಂದು ಅರ್ಥಸೂಚಕ ಚಿತ್ರ ಸೇರಿಸುತ್ತಿದ್ದರು: ಮರಕ್ಕೆ ಗಿಡದ ಚಿತ್ರ, ಮೋರೆಗೆ ಮುಖದ ಚಿತ್ರ. ಈ ಕ್ರಮದಲ್ಲಿ ‘ಮಡಿಕೇರಿ’ ಬರೆಯುವುದಾದರೆ ಗೂಬೆ, ಕೈ, ಹಿಡಿಯಿರುವ ಬುಟ್ಟಿ, ಬಾಯಿ, ಕೊನೆಯ ‘ಇ’ಗೆ ಹತ್ತಿರವಾದ ‘ಯ’ ಸೂಚಿಸುವ ಜೋಡಿ ಜೊಂಡುಗರಿ, ಕೊನೆಗೆ ಊರಿನ ಸೂಚಕವಾಗಿ ವೃತ್ತದೊಳಗೆ ಅಡ್ಡಹಾದಿ. ‘ಕಾವೇರಿ’ಗೆ ಬುಟ್ಟಿ, ಲಾವಕ್ಕಿ ಮರಿ, ಬಾಯಿ, ಜೋಡಿ ಜೊಂಡುಗರಿ, ಕೊನೆಗೆ ಮೂರು ಅಲೆಗೆರೆಗಳು. ಕೈ, ಬುಟ್ಟಿಯಂಥ ಚಪ್ಪಟೆ ಗುರುತುಗಳನ್ನು ಒಂದರ ಕೆಳಗೊಂದು ಪೇರಿಸಿ ಚೌಕ ತುಂಬಿಸಬೇಕು. ಉದ್ದಕ್ಕೆ ಸಾಲು ಹಚ್ಚಿದರೆ ಹಲ್ಲುದುರಿದಂತೆ ಕಾಣುತ್ತದೆ. ಹಕ್ಕಿ, ಮನುಷ್ಯರು ಯಾವ ಕಡೆ ಮುಖ ಮಾಡಿದ್ದಾರೋ ಆ ಕಡೆಯಿಂದ ಓದು ಶುರು. ಹೆಸರಿನ ಸುತ್ತ ಉದ್ದುರುಟಿನ ಚೌಕಟ್ಟು ಹಾಕುವುದು ರಾಜ, ರಾಣಿಯರಿಗೆ ಮಾತ್ರ. ಮಕ್ಕಳು ಆಸೆಗೆ ಹಾಕಿಕೊಳ್ಳಲಿ, ಪಕ್ಕದಲ್ಲಿ ಹಾಗೆಂದು ಬರೆದಿರಲಿ. ಆ ಚೌಕಟ್ಟುಗಳೊಳಗಿನ ಟಾಲೆಮಿ, ಕ್ಲಿಯೋಪಾತ್ರ ಹೆಸರುಗಳನ್ನು ಹಿಡಿದೇ ಫ್ರೆಂಚ್ ವಿದ್ವಾಂಸ ಶಾಂಪೋಲಿಯೋ 1822ರಲ್ಲಿ ಲಿಪಿಯನ್ನು ಬಿಡಿಸಿದ್ದು.

ಮಮ್ಮಿಯ ಪ್ರಯೋಗ ಮಾಡಿಸುವ ಶಿಕ್ಷಕರಿಗೆ ಒಂದೇ ಮಾತು: ಮಳೆಗಾಲದಲ್ಲಿ ಬೇಡ. ಶವ ಕೆಡದಂತೆ ಉಳಿಸುತ್ತಿದ್ದುದು ಮಂತ್ರವೂ ಅಲ್ಲ, ಸುತ್ತಿದ ಬಟ್ಟೆಯೂ ಅಲ್ಲ. ನೇಟ್ರಾನ್ ಎಂಬ ಸೋಡಾ ಉಪ್ಪು ಮತ್ತು ಅಲ್ಲಿನ ಒಣ ಗಾಳಿ. ಎಡಪಕ್ಕೆಯಲ್ಲಿ ಸೀಳಿ ಪಿತ್ತಜನಕಾಂಗ, ಶ್ವಾಸಕೋಶ, ಜಠರ, ಕರುಳು ತೆಗೆದು ಬೇರೆ ಒಣಗಿಸುತ್ತಿದ್ದರು. ಹೃದಯವನ್ನು ಅಲ್ಲಿಯೇ ಬಿಡುತ್ತಿದ್ದರು, ಪರಲೋಕದ ತಕ್ಕಡಿಯಲ್ಲಿ ತೂಗಬೇಕಾದದ್ದು ಅದೇ. ದೇಹವನ್ನು ನೇಟ್ರಾನ್ ಪುಡಿಯಲ್ಲಿ ಹೂತು ಸುಮಾರು 40 ದಿನ ಒಣಗಿಸಿ, ಎಣ್ಣೆ, ಅಂಟು ಬಳಿದು, ಬಟ್ಟೆ ಸುತ್ತಿ, ಒಟ್ಟು 70 ದಿನಕ್ಕೆ ಮುಗಿಸುತ್ತಿದ್ದರು. ನೇಟ್ರಾನ್ ನೀರಿನಲ್ಲಿ ನೆನೆಸುತ್ತಿದ್ದರು ಎಂಬ ಹಳೆಯ ಅಭಿಪ್ರಾಯ ತಪ್ಪೆಂದು ರಸಾಯನ ತಜ್ಞ ಆಲ್ಫ್ರೆಡ್ ಲೂಕಾಸ್ ಪ್ರಯೋಗ ಮಾಡಿ ತೋರಿಸಿದರು. 1994ರಲ್ಲಿ ಅಮೆರಿಕದಲ್ಲಿ ಬಾಬ್ ಬ್ರಯರ್ ಮತ್ತು ರೊನಾಲ್ಡ್ ವೇಡ್ ಎಂಬ ಸಂಶೋಧಕರು ದಾನವಾಗಿ ಬಂದ ದೇಹವೊಂದನ್ನು ಒಣ ನೇಟ್ರಾನಿನಲ್ಲಿಯೇ ಮಮ್ಮಿ ಮಾಡಿದರು.

ಶಾಲೆಯಲ್ಲಿ ಒಂದು ಸೇಬನ್ನು ನಾಲ್ಕು ಸಮ ಹೋಳು ಮಾಡಿ, ತೂಕ ಬರೆದು, ನಾಲ್ಕು ಲೋಟಗಳಲ್ಲಿಡಿ. ಒಂದಕ್ಕೆ ಏನೂ ಬೇಡ, ಒಂದಕ್ಕೆ ಪುಡಿ ಉಪ್ಪು, ಒಂದಕ್ಕೆ ಅಡುಗೆ ಸೋಡಾ, ಒಂದಕ್ಕೆ ಎರಡೂ ಸಮಸಮ. ಹೋಳು ಪೂರ್ತಿ ಮುಚ್ಚಬೇಕು. ಲೋಟಕ್ಕೆ 150 ಗ್ರಾಂ ಪುಡಿಯಾದರೂ ಬೇಕಾದೀತು. ಬಾಯಿ ಮುಚ್ಚಬೇಡಿ. ನಾಲ್ಕನೇ ದಿನ ಪುಡಿ ಬದಲಿಸಿ, ಎಂಟನೇ ದಿನ ಒರೆಸಿ ತೂಗಿ. ಪುಡಿ ಬದಲಿಸದಿರುವುದೇ ಸಾಮಾನ್ಯ ತಪ್ಪು; ಹೀರಿದ ನೀರಿನಲ್ಲಿಯೇ ಹೋಳು ಕೂತು ಮೆತ್ತಗಾಗುತ್ತದೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಡಬ್ಬಿಯ ಉಪ್ಪೇ ನೀರೊಡೆಯುವ ನಾಡಿನಲ್ಲಿ ಆಗ ಇದನ್ನು ಮಾಡಿದರೆ ಸಿಗುವುದು ಬೂಷ್ಟು ಮಾತ್ರ. ಕಣದಲ್ಲಿ ಕಾಫಿ ಒಣಗುವ ಜನವರಿ, ಫೆಬ್ರುವರಿಯೇ ಇದಕ್ಕೂ ಸರಿ. ‘ಪಿರಮಿಡ್ಡಿನೊಳಗೆ ಇಟ್ಟ ಹಾಲು ಕೆಡುವುದಿಲ್ಲ’ ಎನ್ನುವವರಿಗೂ ಇದೇ ದಾರಿ: ಅದೇ ರಟ್ಟಿನ, ಅಷ್ಟೇ ಒಳಜಾಗವಿರುವ ಚೌಕ ಡಬ್ಬಿಯಲ್ಲಿ ಅಷ್ಟೇ ಹಾಲಿಟ್ಟು ಹೋಲಿಸಲಿ. ತಾಮ್ರದ ವಾಸ್ತು ಪಿರಮಿಡ್ಡಿನ ದುಡ್ಡು ಉಳಿಯುತ್ತದೆ.

ಗೋರಿಯಲ್ಲಿ ಬ್ರೆಡ್ಡು, ಬಿಯರು, ಮಾಂಸ ಇಡುತ್ತಿದ್ದುದನ್ನು ಮಕ್ಕಳಿಗೆ ವಿಚಿತ್ರವೆಂಬಂತೆ ಹೇಳಬೇಕಾಗಿಲ್ಲ. ಕುಲದ ಹಿರಿಮನೆಯಾದ ಐನ್‌ಮನೆಯಲ್ಲಿ ಗುರು ಕಾರೋಣರಿಗೆ, ಅಂದರೆ ಕುಲದ ಹಿರಿಯರಿಗೆ, ಎಡೆ ಇಡುವುದನ್ನು ಕಂಡ ಮಗುವಿಗೆ ಅದು ಬೇಗ ತಿಳಿಯುತ್ತದೆ. ನಿಜವಾದ ಮಮ್ಮಿ ನೋಡಬೇಕೆನ್ನುವವರು ಕೈರೋವರೆಗೆ ಹೋಗಬೇಕಿಲ್ಲ. ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ತೆಲಂಗಾಣ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಒಂದಿದೆ.

ಮೇಜಿನ ಮೇಲೆ ಒಂದು ಬಟ್ಟಲು ಕರಿಮೆಣಸನ್ನೂ ಇಡಿ. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಮೆಣಸಿನ ಕಾಳು ಸಿಕ್ಕಿವೆ. ಅವನ ಕಾಲದ ಎಷ್ಟೋ ಶತಮಾನಗಳ ನಂತರ, ರೋಮನ್ನರ ಆಳ್ವಿಕೆಯಲ್ಲಿ, ಕೆಂಪು ಸಮುದ್ರದ ಬೆರೆನಿಕೆ ಬಂದರಿನ ದೇವಾಲಯದಲ್ಲಿ ಹೂತಿಟ್ಟ ಭಾರತದ ಜಾಡಿಯೊಂದರಲ್ಲಿ ಏಳೂವರೆ ಕಿಲೋ ಮೆಣಸಿತ್ತು. ಈ ಬಳ್ಳಿಯ ತವರು ಪಶ್ಚಿಮ ಘಟ್ಟ. ಚೀಟಿಯಲ್ಲಿ ‘ದಕ್ಷಿಣ ಭಾರತದ ಮೆಣಸು’ ಎಂದು ಬರೆಯಿರಿ. ‘ಕೊಡಗಿನ ಮೆಣಸು’ ಎಂದು ಬರೆಯಲು ಕೈ ತುರಿಸುವುದು ಸಹಜ, ಆದರೆ ಅದು ಯಾವ ಬೆಟ್ಟದ ಬಳ್ಳಿಯಲ್ಲಿ ಬಿಟ್ಟ ಕಾಳೆಂದು ಹೇಳುವ ಆಧಾರ ಆ ಜಾಡಿಯಲ್ಲಿಲ್ಲ.

ಇಂತಿ,
ಇಬ್ಬರು ಇತಿಹಾಸ ಶಿಕ್ಷಕರು, ಮಡಿಕೇರಿ ತಾಲ್ಲೂಕು